ಜರ್ಮನಿಗೆ ಉದ್ಯೋಗಕ್ಕಾಗಿ ತೆರಳುವವರಿಗೆ ಮಾಹಿತಿ: ಉದ್ಯೋಗಾವಕಾಶ, ಸಾಮಾಜಿಕ ಭದ್ರತೆ ಹಾಗೂ ಜೀವನ ಸ್ಥಿತಿ

ಉದ್ಯೋಗದ ಸಲುವಾಗಿ ಜರ್ಮನಿಗೆ ತೆರಳಲು ಇಚ್ಛಿಸುವ ರಾಜ್ಯದ ಅಭ್ಯರ್ಥಿಗಳು ಮತ್ತು ಅವರ ಕುಟುಂಬದವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ವೀಸಾ ನೀಡುವ ಅಥವಾ ನಿರಾಕರಿಸುವ ಅಧಿಕಾರವು ಸಂಪೂರ್ಣವಾಗಿ ಜರ್ಮನಿಯ ಪ್ರಾಧಿಕಾರಗಳಿಗೆ ಸೇರಿದ್ದಾಗಿದೆ. ಕರ್ನಾಟಕ ಮತ್ತು ಕೇರಳದ ನಿವಾಸಿಗಳ ಅರ್ಜಿಗಳು ಬೆಂಗಳೂರಿನಲ್ಲಿರುವ ಜರ್ಮನ್ ಕಾನ್ಸುಲೇಟ್ ಜನರಲ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಇಲ್ಲಿ ನಮೂದಿಸಿರುವ ಮೊತ್ತಗಳು ಸಾಮಾನ್ಯವಾಗಿ ಪ್ರತಿ ವರ್ಷದ ಜನವರಿಯಲ್ಲಿ ಪರಿಷ್ಕೃತವಾಗುವುದರಿಂದ, ಅರ್ಜಿ ಸಲ್ಲಿಸುವ ವರ್ಷದ ಮೊತ್ತವನ್ನು ಜರ್ಮನ್ ಸರ್ಕಾರದ 'ಮೇಕ್ ಇಟ್ ಇನ್ ಜರ್ಮನಿ' ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಕಲ್ಯಾಣ ರಾಷ್ಟ್ರ ಎಂದರೆ ಏನು

ವಿದೇಶಕ್ಕೆ ಹೊರಡುವವರಲ್ಲಿ ಬಹುಮಂದಿಗೆ ಒಂದು ತಪ್ಪು ಕಲ್ಪನೆ ಇರುತ್ತದೆ. ಜರ್ಮನಿಯು ಕಲ್ಯಾಣ ರಾಷ್ಟ್ರವಾದ್ದರಿಂದ ಒಮ್ಮೆ ಅಲ್ಲಿಗೆ ಕಾಲಿಟ್ಟರೆ ಉಳಿದುದನ್ನು ಸರ್ಕಾರವೇ ನೋಡಿಕೊಳ್ಳುತ್ತದೆ ಎಂಬುದೇ ಆ ಕಲ್ಪನೆ. ಆ ದೇಶದ 1949ರ ಸಂವಿಧಾನದ 20ನೇ ವಿಧಿಯು ಜರ್ಮನಿಯನ್ನು ಪ್ರಜಾಸತ್ತಾತ್ಮಕ ಹಾಗೂ ಸಾಮಾಜಿಕ ಒಕ್ಕೂಟವೆಂದು ಸಾರಿರುವುದು ನಿಜ. ಆದರೆ ಅಲ್ಲಿನ ಭದ್ರತೆಯ ತಳಹದಿ ದಾನವಲ್ಲ, ವಿಮೆ. 1883ರಲ್ಲಿ ಆರೋಗ್ಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ವಿಮೆ ಎಂಬ ಕ್ರಮದಲ್ಲಿ ಬಿಸ್ಮಾರ್ಕ್‌ನ ಕಾಲದಿಂದ ಬೆಳೆದುಬಂದ ಈ ವ್ಯವಸ್ಥೆಗೆ 1927ರಲ್ಲಿ ನಿರುದ್ಯೋಗ ವಿಮೆಯೂ 1995ರಲ್ಲಿ ಆರೈಕೆ ವಿಮೆಯೂ ಸೇರಿದವು. ಉದ್ಯೋಗಿಯು ತನ್ನ ವೇತನದಿಂದ ವಂತಿಗೆ ಕಟ್ಟುತ್ತಾನೆ, ಉದ್ಯೋಗದಾತನು ಸರಿಸುಮಾರು ಅಷ್ಟನ್ನೇ ಸೇರಿಸುತ್ತಾನೆ. ಆರೋಗ್ಯ ವಿಮೆಯ ರಕ್ಷಣೆ ವಂತಿಗೆ ಆರಂಭವಾದೊಡನೆ ದೊರೆಯುತ್ತದೆ. ನಿರುದ್ಯೋಗ ಭತ್ಯೆ ಮತ್ತು ಪಿಂಚಣಿಗೆ ಮಾತ್ರ ನಿಗದಿತ ಅವಧಿಯ ವಂತಿಗೆ ಸಂದಿರಬೇಕು.

ಇದರ ಪರಿಣಾಮವನ್ನು ವಲಸೆಗಾರನು ಹೊರಡುವ ಮುನ್ನವೇ ತಿಳಿದಿರಬೇಕು. ನಿರುದ್ಯೋಗ ಭತ್ಯೆ ಪಡೆಯಲು ಹಿಂದಿನ 30 ತಿಂಗಳುಗಳಲ್ಲಿ ಕನಿಷ್ಠ 12 ತಿಂಗಳ ವಂತಿಗೆ ಸಂದಿರಬೇಕು. ಹಾಗಿದ್ದಲ್ಲಿ ನಿವ್ವಳ ವೇತನದ ಶೇ. 60ರಷ್ಟು, ಮಕ್ಕಳಿದ್ದಲ್ಲಿ ಶೇ. 67ರಷ್ಟು ಭತ್ಯೆ ದೊರೆಯುತ್ತದೆ. 12 ತಿಂಗಳ ವಂತಿಗೆಗೆ 6 ತಿಂಗಳು, 24 ತಿಂಗಳ ವಂತಿಗೆಗೆ 12 ತಿಂಗಳು ಭತ್ಯೆ ಉಂಟು. ಎಂಟನೇ ತಿಂಗಳಲ್ಲಿ ಕೆಲಸ ಕಳೆದುಕೊಂಡ ಹೊಸಬನಿಗೆ ಇದಾವುದೂ ಇಲ್ಲ. ವಂತಿಗೆ ಕಟ್ಟದವರಿಗೂ ದೊರೆಯುವ ಕನಿಷ್ಠ ಜೀವನಾಧಾರ ನೆರವು ಎಂಬುದೊಂದು ಇದೆಯಾದರೂ, ಉದ್ಯೋಗ ವೀಸಾದ ಮೇಲೆ ಬಂದವರು ಅದನ್ನು ಕೋರುವುದು ವಾಸ್ತವ್ಯ ಪರವಾನಗಿಗೇ ಕುತ್ತು ತರಬಲ್ಲದು. ಸ್ವಂತ ದುಡಿಮೆಯಿಂದ ಜೀವನ ನಿರ್ವಹಿಸುವುದೇ ಆ ಪರವಾನಗಿಯ ಮೂಲ ಷರತ್ತು. ಹೀಗಾಗಿ ಕಲ್ಯಾಣ ರಾಷ್ಟ್ರದಲ್ಲಿ ಅತ್ಯಂತ ಕಡಿಮೆ ರಕ್ಷಣೆ ಇರುವುದು ಹೊಸಬನ ಮೊದಲ ವರ್ಷಕ್ಕೆ. ಕನಿಷ್ಠ ಮೂರು ನಾಲ್ಕು ತಿಂಗಳ ಖರ್ಚಿಗಾಗುವಷ್ಟು ಸ್ವಂತ ಉಳಿತಾಯವಿಲ್ಲದೆ, ಅದರಲ್ಲೂ ಸಾಲ ಮಾಡಿ, ಹೊರಡುವುದು ಸೂಕ್ತವಲ್ಲ.

ಉದ್ಯೋಗಾವಕಾಶಗಳು

2024ರ ಅಕ್ಟೋಬರ್‌ನಲ್ಲಿ ಜರ್ಮನ್ ಸರ್ಕಾರವು ಭಾರತೀಯ ಕುಶಲ ಕೆಲಸಗಾರರಿಗೆ ನೀಡುವ ವೀಸಾಗಳ ಸಂಖ್ಯೆಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಪ್ರಕಟಿಸಿತು. ಇದು 90,000 ಉದ್ಯೋಗಗಳು ಕಾದಿವೆ ಎಂಬ ಭರವಸೆಯಲ್ಲ. ಉದ್ಯೋಗ ನೀಡುವವರು ಅಲ್ಲಿನ ಕಂಪನಿಗಳು ಮತ್ತು ಆಸ್ಪತ್ರೆಗಳೇ ಹೊರತು ಸರ್ಕಾರವಲ್ಲ. 2025ರ ಆಗಸ್ಟ್‌ನಲ್ಲಿ ಜರ್ಮನಿಯ ನಿರುದ್ಯೋಗಿಗಳ ಸಂಖ್ಯೆ ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ 30 ಲಕ್ಷವನ್ನು ದಾಟಿತು. ವಾಹನ ತಯಾರಿಕೆ ಮತ್ತು ಅದರ ಬಿಡಿಭಾಗಗಳ ಉದ್ಯಮವು ಸಾವಿರಾರು ಹುದ್ದೆಗಳನ್ನು ಕಡಿತಗೊಳಿಸುತ್ತಿರುವುದು ಬೆಂಗಳೂರಿನ ಎಂಜಿನಿಯರುಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಇದೇ ವೇಳೆ ಶುಶ್ರೂಷೆ, ವೃದ್ಧರ ಆರೈಕೆ, ವಿದ್ಯುತ್ ಕೆಲಸ, ಕಟ್ಟಡ ನಿರ್ಮಾಣ, ರೈಲ್ವೆ ಮತ್ತು ಸಾರಿಗೆ ಕ್ಷೇತ್ರಗಳಲ್ಲಿ ಕೆಲಸಗಾರರ ಕೊರತೆ ಮುಂದುವರಿದಿದೆ. ಅರ್ಥಾತ್, ಕೆಲಸವಿದೆ, ಆದರೆ ನಮ್ಮ ಪದವೀಧರರು ಹೆಚ್ಚಾಗಿ ಅರಸುವ ಕಡೆ ಮೊದಲಿನಷ್ಟಿಲ್ಲ.

ಪದವೀಧರರಿಗೆ ಸಾಮಾನ್ಯ ಮಾರ್ಗವೆಂದರೆ ಯುರೋಪಿಯನ್ ಒಕ್ಕೂಟದ ಬ್ಲೂ ಕಾರ್ಡ್. 2026ನೇ ಸಾಲಿಗೆ ಇದಕ್ಕೆ ವಾರ್ಷಿಕ 50,700 ಯೂರೋ ಒಟ್ಟು ವೇತನವಿರುವ ಉದ್ಯೋಗದ ಆಹ್ವಾನ ಬೇಕು. ಕೊರತೆ ಇರುವ ವೃತ್ತಿಗಳವರಿಗೆ ಮತ್ತು ಕಳೆದ ಮೂರು ವರ್ಷಗಳೊಳಗೆ ಪದವಿ ಮುಗಿಸಿದವರಿಗೆ 45,934.20 ಯೂರೋ ಸಾಕು. ಮಾಹಿತಿ ತಂತ್ರಜ್ಞಾನದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವ ಉಳ್ಳವರು ಪದವಿ ಇಲ್ಲದೆಯೂ ಈ ಕಡಿಮೆ ಮಿತಿಯಲ್ಲಿ ಅರ್ಹರಾಗಬಹುದು. ಪದವಿ ಪಡೆದ ವಿಶ್ವವಿದ್ಯಾಲಯಕ್ಕೆ ಜರ್ಮನಿಯಲ್ಲಿ ಮನ್ನಣೆ ಇದೆಯೇ ಎಂಬುದನ್ನು 'ಅನಾಬಿನ್' ಎಂಬ ದತ್ತಾಂಶ ಕೋಶದಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ಇದಕ್ಕಾಗಿ ಮಧ್ಯವರ್ತಿಗೆ ಹಣ ನೀಡುವ ಅವಶ್ಯಕತೆ ಇಲ್ಲ.

ಪಾಲಿಟೆಕ್ನಿಕ್ ಡಿಪ್ಲೊಮಾ ಅಥವಾ ಎರಡು ವರ್ಷಗಳ ಐಟಿಐ ತರಬೇತಿ ಪಡೆದವರಿಗೆ ದಾರಿ ಇಲ್ಲವೆಂದು ಬಹುಕಾಲ ಭಾವಿಸಲಾಗಿತ್ತು. 2024ರ ಮಾರ್ಚ್‌ನಿಂದ ಸ್ಥಿತಿ ಬದಲಾಗಿದೆ. ಸರ್ಕಾರದಿಂದ ಮಾನ್ಯತೆ ಪಡೆದ ಕನಿಷ್ಠ ಎರಡು ವರ್ಷಗಳ ತರಬೇತಿ ಮತ್ತು ಕಳೆದ ಐದು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷಗಳ ಅನುಭವ ಇರುವವರು, ನಿಗದಿತ ವೇತನದ ಆಹ್ವಾನವಿದ್ದಲ್ಲಿ, ಜರ್ಮನ್ ಮಾನ್ಯತೆ ಪಡೆಯದೆಯೂ ಕೆಲಸಕ್ಕೆ ಸೇರಬಹುದು. ಇದು ನಿಯಂತ್ರಿತವಲ್ಲದ ವೃತ್ತಿಗಳಿಗೆ ಮಾತ್ರ ಅನ್ವಯಿಸುತ್ತದೆ.

ಉದ್ಯೋಗದ ಆಹ್ವಾನ ಇನ್ನೂ ಇಲ್ಲದವರಿಗಾಗಿ 2024ರ ಜೂನ್ 1ರಿಂದ 'ಅವಕಾಶ ಪತ್ರ' ಎಂಬ ವೀಸಾ ಜಾರಿಯಲ್ಲಿದೆ. ವಿದ್ಯಾರ್ಹತೆ, ಅನುಭವ, ಭಾಷೆ, ವಯಸ್ಸು ಮುಂತಾದವುಗಳಿಗೆ ಅಂಕಗಳಿದ್ದು, ಕನಿಷ್ಠ 6 ಅಂಕ ಬೇಕು. ಜರ್ಮನ್ ಭಾಷೆಯ ಎ1 ಅಥವಾ ಇಂಗ್ಲಿಷಿನ ಬಿ2 ಹಂತದ ಪ್ರಮಾಣಪತ್ರ ಮತ್ತು ಜೀವನ ನಿರ್ವಹಣೆಯ ಹಣವನ್ನೂ ತೋರಿಸಬೇಕು. 2025ರಲ್ಲಿ ಈ ಮೊತ್ತ ತಿಂಗಳಿಗೆ 1,091 ಯೂರೋ ಆಗಿತ್ತು. ಗರಿಷ್ಠ ಒಂದು ವರ್ಷ ಉಳಿದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ಅರೆಕಾಲಿಕ ಕೆಲಸವನ್ನೂ ಮಾಡಬಹುದು. ಕೇವಲ ಇಂಗ್ಲಿಷ್ ಬಲದ ಮೇಲೆ ಈ ಪತ್ರ ದೊರೆಯಬಹುದಾದರೂ ಆ ಬಲದ ಮೇಲೆ ಕೆಲಸ ದೊರೆಯುವುದು ದುರ್ಲಭ. ಬರ್ಲಿನ್, ಮ್ಯೂನಿಕ್‌ಗಳ ತಂತ್ರಾಂಶ ಕಂಪನಿಗಳನ್ನು ಬಿಟ್ಟರೆ ಸಂದರ್ಶನ, ಸುರಕ್ಷತಾ ಸೂಚನೆ, ಸಹೋದ್ಯೋಗಿಗಳ ಮಾತು ಎಲ್ಲವೂ ಜರ್ಮನ್‌ನಲ್ಲಿಯೇ ನಡೆಯುತ್ತವೆ. ಬಿ1 ಹಂತವನ್ನಾದರೂ ಇಲ್ಲಿಯೇ ಮುಗಿಸಿ ಹೊರಡುವುದು ಕ್ಷೇಮ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎಲ್ಲ ಹಂತಗಳ ತರಗತಿ ಮತ್ತು ಪರೀಕ್ಷೆಗಳು ನಡೆಯುತ್ತವೆ.

ಶುಶ್ರೂಷಕರಿಗೆ ವಿಶೇಷ ಸೂಚನೆ

ಶುಶ್ರೂಷೆಯು ಜರ್ಮನಿಯಲ್ಲಿ ನಿಯಂತ್ರಿತ ವೃತ್ತಿಯಾಗಿದ್ದು, ಇಲ್ಲಿನ ಬಿ.ಎಸ್ಸಿ. ನರ್ಸಿಂಗ್ ಅಥವಾ ಜಿ.ಎನ್.ಎಂ. ಅರ್ಹತೆಗೆ ಸಂಬಂಧಪಟ್ಟ ಜರ್ಮನ್ ರಾಜ್ಯದ ಪ್ರಾಧಿಕಾರದಿಂದ ಮಾನ್ಯತೆ ಪಡೆಯುವುದು ಕಡ್ಡಾಯ. ಪಠ್ಯಕ್ರಮದಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಹೊಂದಾಣಿಕೆ ತರಬೇತಿ ಅಥವಾ ಜ್ಞಾನ ಪರೀಕ್ಷೆಯನ್ನು ಮುಗಿಸಬೇಕು. ಭಾಷೆ ಸಾಮಾನ್ಯವಾಗಿ ಬಿ2 ಹಂತದಲ್ಲಿರಬೇಕು. ಮಾನ್ಯತೆ ದೊರೆಯುವವರೆಗೆ ಅಭ್ಯರ್ಥಿಯು ಶುಶ್ರೂಷಕಿಯಾಗಿ ಅಲ್ಲ, ಸಹಾಯಕಿಯಾಗಿ, ಸಹಾಯಕಿಯ ವೇತನದಲ್ಲಿ ಕೆಲಸ ಮಾಡಬೇಕಾಗುತ್ತದೆ. ತೀವ್ರ ನಿಗಾ ಘಟಕದಲ್ಲಿ ವರ್ಷಗಟ್ಟಲೆ ಸ್ವತಂತ್ರವಾಗಿ ಕೆಲಸ ಮಾಡಿದವರಿಗೆ ರೋಗಿಗಳ ಸ್ನಾನ, ಊಟ, ಹಾಸಿಗೆಯ ಕೆಲಸವೇ ಮುಖ್ಯವಾಗುವ ಈ ಅವಧಿ ಮನಸ್ಸಿಗೆ ಕಷ್ಟವೆನಿಸುತ್ತದೆ. ಮಾನ್ಯತೆ ಪಡೆದ ನಂತರವೂ ಇವು ಅಲ್ಲಿನ ಶುಶ್ರೂಷಕರ ಕರ್ತವ್ಯದ ಭಾಗವೇ ಆಗಿವೆ ಎಂಬುದನ್ನು ಮೊದಲೇ ತಿಳಿದಿದ್ದರೆ ನಿರಾಶೆ ಕಡಿಮೆ.

ಉದ್ಯೋಗದಾತನೊಡನೆ ಒಪ್ಪಂದ ಮಾಡಿಕೊಂಡು, ಎ2 ಹಂತದ ಭಾಷೆಯೊಂದಿಗೆ ಹೋಗಿ, ಅಲ್ಲಿಯೇ ಮಾನ್ಯತೆಯ ಪ್ರಕ್ರಿಯೆ ಪೂರೈಸುವ ವ್ಯವಸ್ಥೆಯೂ 2024ರ ಮಾರ್ಚ್‌ನಿಂದ ಇದೆ; ಗರಿಷ್ಠ ಅವಧಿ ಮೂರು ವರ್ಷ. ಆದರೆ ಪಾಳಿಯ ದುಡಿಮೆಯ ನಡುವೆ ಎ2ರಿಂದ ಬಿ2ಕ್ಕೆ ಏರುವುದು ಸುಲಭವಲ್ಲ.

ಒಪ್ಪಂದದಲ್ಲಿ ಮರುಪಾವತಿ ಷರತ್ತು ಇದೆಯೇ ಎಂಬುದನ್ನು ತಪ್ಪದೆ ಪರಿಶೀಲಿಸಿ. ಭಾಷಾ ತರಗತಿ, ವಿಮಾನ ಪ್ರಯಾಣ ಮುಂತಾದವುಗಳ ವೆಚ್ಚವನ್ನು ಭರಿಸುವ ಸಂಸ್ಥೆಯು, ನಿಗದಿತ ವರ್ಷಗಳ ಮೊದಲು ಕೆಲಸ ಬಿಟ್ಟಲ್ಲಿ ಹಲವು ಸಾವಿರ ಯೂರೋಗಳನ್ನು ಹಿಂತಿರುಗಿಸಬೇಕೆಂದು ಬರೆಸಿಕೊಳ್ಳುವುದುಂಟು. ಇಂತಹ ಎಲ್ಲ ಷರತ್ತುಗಳೂ ಜರ್ಮನ್ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಆದರೂ ಸಹಿ ಹಾಕಿದ ಮೇಲೆ ಹೋರಾಡುವುದಕ್ಕಿಂತ ಮೊದಲೇ ಕೇಳುವುದು ಮೇಲು. ಅಭ್ಯರ್ಥಿಯಿಂದ ಹಣ ಪಡೆಯದೆ ಉದ್ಯೋಗದಾತನೇ ವೆಚ್ಚ ಭರಿಸುವ ನೇಮಕಾತಿಗೆ ಜರ್ಮನ್ ಸರ್ಕಾರದ 'ನ್ಯಾಯಯುತ ನೇಮಕಾತಿ' ಗುಣಮಟ್ಟದ ಮುದ್ರೆ ಇದೆ. ಆ ಮುದ್ರೆ ಪಡೆದ ಸಂಸ್ಥೆಗಳಿಗೆ ಆದ್ಯತೆ ನೀಡಿ.

ಮಧ್ಯವರ್ತಿಗಳು ಮತ್ತು ದಾಖಲೆಗಳು

1983ರ ಎಮಿಗ್ರೇಷನ್ ಕಾಯ್ದೆಯನ್ವಯ ನೋಂದಾಯಿತ ನೇಮಕಾತಿ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಗರಿಷ್ಠ ಮಿತಿ ರೂ. 30,000 ಮತ್ತು ಅದರ ಮೇಲಿನ ಜಿಎಸ್‌ಟಿ. ಏಜೆಂಟರ ನೋಂದಣಿಯನ್ನು ವಿದೇಶಾಂಗ ವ್ಯವಹಾರಗಳ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಬಹುದು. ಎಮಿಗ್ರೇಷನ್ ಅನುಮತಿ ಅಗತ್ಯವಿರುವ 18 ದೇಶಗಳ ಪಟ್ಟಿಯಲ್ಲಿ ಜರ್ಮನಿ ಇಲ್ಲ. ಆದುದರಿಂದ 'ಎಮಿಗ್ರೇಷನ್ ಕ್ಲಿಯರೆನ್ಸ್' ಹೆಸರಿನಲ್ಲಿ ಹಣ ಕೇಳುವವರ ಮಾತನ್ನು ನಂಬಬಾರದು. ಸಂದರ್ಶನವೇ ಇಲ್ಲದೆ ಬರುವ ನೇಮಕಾತಿ ಪತ್ರವನ್ನೂ ಸಂಶಯದಿಂದಲೇ ನೋಡತಕ್ಕದ್ದು.

ಅಪೊಸ್ಟಿಲ್ ಮುದ್ರೆಯ ಬಗ್ಗೆ ಒಂದು ಮಾತು. ಭಾರತವು ಅಪೊಸ್ಟಿಲ್ ಒಡಂಬಡಿಕೆಗೆ 2005ರಲ್ಲಿ ಸೇರಿದಾಗ ಜರ್ಮನಿಯು ಅದಕ್ಕೆ ಆಕ್ಷೇಪಣೆ ಸಲ್ಲಿಸಿತು. ಆದಕಾರಣ ಇತರ ಅನೇಕ ದೇಶಗಳಿಗೆ ನಡೆಯುವಂತೆ ಜರ್ಮನಿಗೂ ಅಪೊಸ್ಟಿಲ್ ಕಡ್ಡಾಯವೆಂದು ಹೇಳಿ ಪ್ರತಿ ದಾಖಲೆಗೂ ಹಣ ವಸೂಲು ಮಾಡುವವರಿಂದ ದೂರವಿರಿ. ಸಂಬಂಧಪಟ್ಟ ಜರ್ಮನ್ ಪ್ರಾಧಿಕಾರವು ಯಾವ ದೃಢೀಕರಣವನ್ನು ಲಿಖಿತವಾಗಿ ಕೇಳುತ್ತದೆಯೋ ಅದನ್ನು ಮಾತ್ರ ಮಾಡಿಸತಕ್ಕದ್ದು. ಜನನ ಮತ್ತು ವಿವಾಹ ಪ್ರಮಾಣಪತ್ರ, ಅಂಕಪಟ್ಟಿ, ಪಾಸ್‌ಪೋರ್ಟ್‌ಗಳಲ್ಲಿ ಹೆಸರು ಒಂದೇ ರೀತಿ ಇರುವುದು ಇದಕ್ಕಿಂತ ಮುಖ್ಯ. ತಂದೆಯ ಹೆಸರು ಅಥವಾ ಊರಿನ ಹೆಸರಿನ ಮೊದಲಕ್ಷರವನ್ನಷ್ಟೇ ಬಳಸುವ ನಮ್ಮ ರೂಢಿಯು ಅಲ್ಲಿನ ಕಚೇರಿಗಳಲ್ಲಿ ಗೊಂದಲಕ್ಕೆ ಎಡೆಮಾಡುತ್ತದೆ. ತಿದ್ದುಪಡಿ ಬೇಕಿದ್ದರೆ ಹೊರಡುವ ಮುನ್ನವೇ ಮಾಡಿಸಿಕೊಳ್ಳಿ.

ವೇತನ, ಕಡಿತ ಮತ್ತು ವಿಮೆ

ಜರ್ಮನಿಯಲ್ಲಿ ವೇತನವನ್ನು ಸದಾ ಕಡಿತಕ್ಕೆ ಮೊದಲಿನ ಮೊತ್ತದಲ್ಲಿ ಹೇಳಲಾಗುತ್ತದೆ. ತಿಂಗಳಿಗೆ 4,000 ಯೂರೋ ಒಟ್ಟು ವೇತನ ಪಡೆಯುವ ಅವಿವಾಹಿತರ ಕೈಗೆ ಸುಮಾರು 2,600 ಯೂರೋ ಬರುತ್ತದೆ. ಆದಾಯ ತೆರಿಗೆಯಲ್ಲದೆ ಪಿಂಚಣಿಗೆ ಶೇ. 18.6, ನಿರುದ್ಯೋಗ ವಿಮೆಗೆ ಶೇ. 2.6, ಆರೋಗ್ಯ ವಿಮೆಗೆ ಶೇ. 14.6 ಮತ್ತು ವಿಮಾ ಸಂಸ್ಥೆಯ ಹೆಚ್ಚುವರಿ ದರ, ಆರೈಕೆ ವಿಮೆಗೆ ಶೇ. 3.6 ವಂತಿಗೆ ಇದ್ದು, ಸ್ಥೂಲವಾಗಿ ಇವುಗಳ ಅರ್ಧದಷ್ಟು ಉದ್ಯೋಗಿಯ ಪಾಲು. ಯೂರೋವನ್ನು ರೂಪಾಯಿಗೆ ಪರಿವರ್ತಿಸಿ ಹಿಗ್ಗುವ ಮುನ್ನ ಈ ಲೆಕ್ಕವನ್ನು ಹಾಕತಕ್ಕದ್ದು. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ, ಇದಕ್ಕಿಂತ ಕಡಿಮೆ ನೀಡುವುದು ಕಾನೂನುಬಾಹಿರ.

ಆರೋಗ್ಯ ವಿಮೆಯಲ್ಲಿ ಸಾರ್ವಜನಿಕ ಮತ್ತು ಖಾಸಗಿ ಎಂಬ ಎರಡು ಬಗೆ. 2026ರಲ್ಲಿ ವಾರ್ಷಿಕ 77,400 ಯೂರೋಗಿಂತ ಕಡಿಮೆ ವೇತನದ ಉದ್ಯೋಗಿಗಳಿಗೆ ಸಾರ್ವಜನಿಕ ವಿಮೆ ಕಡ್ಡಾಯ. ಮೇಲಿನವರಿಗೆ ಆಯ್ಕೆ ಉಂಟು. ಖಾಸಗಿ ವಿಮೆಯು ಯುವಕರಿಗೆ ಅಗ್ಗವಾಗಿ ತೋರುತ್ತದೆ. ಆದರೆ ಅಲ್ಲಿ ಕುಟುಂಬದ ಪ್ರತಿಯೊಬ್ಬರಿಗೂ ಪ್ರತ್ಯೇಕ ಕಂತು. ಸಾರ್ವಜನಿಕ ವಿಮೆಯಲ್ಲಿ ಆದಾಯವಿಲ್ಲದ ಪತಿ ಅಥವಾ ಪತ್ನಿ ಹಾಗೂ ಮಕ್ಕಳು ಹೆಚ್ಚುವರಿ ವಂತಿಗೆ ಇಲ್ಲದೆ ಸೇರುತ್ತಾರೆ. ಕುಟುಂಬವಂದಿಗರಿಗೆ ಸಾರ್ವಜನಿಕ ವಿಮೆಯೇ ಲೇಸು. ಕಾಯಿಲೆಯಾದಲ್ಲಿ ಮೊದಲ ಆರು ವಾರ ಉದ್ಯೋಗದಾತನು ಪೂರ್ಣ ವೇತನ ನೀಡಬೇಕು; ಆದರೆ ಕೆಲಸಕ್ಕೆ ಸೇರಿದ ಮೊದಲ ನಾಲ್ಕು ವಾರಗಳಿಗೆ ಈ ಹೊಣೆ ಅವನಿಗಿಲ್ಲ.

ಪಿಂಚಣಿಗೆ ಸಂಬಂಧಿಸಿದಂತೆ, ಭಾರತ ಮತ್ತು ಜರ್ಮನಿ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದವು 2017ರ ಮೇ 1ರಿಂದ ಜಾರಿಯಲ್ಲಿದೆ. ಭಾರತೀಯ ಕಂಪನಿಯೇ ಕಳುಹಿಸಿದ ಉದ್ಯೋಗಿಯು ಭವಿಷ್ಯ ನಿಧಿ ಸಂಘಟನೆಯಿಂದ ವ್ಯಾಪ್ತಿ ಪ್ರಮಾಣಪತ್ರ ಪಡೆದಲ್ಲಿ 48 ತಿಂಗಳವರೆಗೆ ಅಲ್ಲಿ ಪಿಂಚಣಿ ವಂತಿಗೆ ಕಟ್ಟಬೇಕಿಲ್ಲ. ನೇರವಾಗಿ ಜರ್ಮನ್ ಕಂಪನಿಗೆ ಸೇರಿದವರಿಗೆ ಈ ವಿನಾಯಿತಿ ಇಲ್ಲ. ಅವರ ಎರಡೂ ದೇಶಗಳ ವಂತಿಗೆ ಅವಧಿಗಳನ್ನು ಅರ್ಹತೆಗಾಗಿ ಒಟ್ಟುಗೂಡಿಸಲಾಗುತ್ತದೆ. ವಾರ್ಷಿಕ ಪಿಂಚಣಿ ವಿವರಣೆಗಳನ್ನು ಹಿಂತಿರುಗಿ ಬಂದ ಮೇಲೂ ಕಾಪಾಡಿಕೊಳ್ಳಿ.

ವಸತಿ ಮತ್ತು ದೈನಂದಿನ ಜೀವನ

ಹೊಸಬರಿಗೆ ಕೆಲಸಕ್ಕಿಂತ ಕಷ್ಟವಾಗುವುದು ಮನೆ. ಮ್ಯೂನಿಕ್, ಫ್ರಾಂಕ್‌ಫರ್ಟ್, ಸ್ಟುಟ್‌ಗಾರ್ಟ್, ಬರ್ಲಿನ್ ನಗರಗಳಲ್ಲಿ ಒಂದು ಮನೆಗೆ ಹತ್ತಾರು ಅರ್ಜಿಗಳಿರುತ್ತವೆ. ಮಾಲೀಕರು ಮೂರು ತಿಂಗಳ ವೇತನ ಚೀಟಿಯನ್ನೂ ಸಾಲ ಮರುಪಾವತಿಯ ದಾಖಲೆಯನ್ನೂ ಕೇಳುತ್ತಾರೆ. ಆಗತಾನೇ ಬಂದವರ ಬಳಿ ಎರಡೂ ಇರುವುದಿಲ್ಲ. ಆದ್ದರಿಂದ ಮೊದಲ ಕೆಲವು ತಿಂಗಳುಗಳ ವಸತಿಯನ್ನು ಉದ್ಯೋಗದಾತನೇ ಒದಗಿಸುವಂತೆ ಒಪ್ಪಂದದ ಹಂತದಲ್ಲಿಯೇ ಕೇಳಿಕೊಳ್ಳುವುದು ಒಳಿತು. ಮುಂಗಡ ಠೇವಣಿಯು ಮೂಲ ಬಾಡಿಗೆಯ ಮೂರು ತಿಂಗಳ ಮೊತ್ತವನ್ನು ಮೀರುವಂತಿಲ್ಲ, ಅದನ್ನು ಮೂರು ಕಂತುಗಳಲ್ಲಿ ನೀಡುವ ಹಕ್ಕು ಬಾಡಿಗೆದಾರನಿಗಿದೆ. ಬಿಸಿನೀರು, ಕಾವು ಮೊದಲಾದವು ಸೇರದ 'ತಣ್ಣನೆಯ ಬಾಡಿಗೆ' ಮತ್ತು ಅವು ಸೇರಿದ 'ಬೆಚ್ಚನೆಯ ಬಾಡಿಗೆ' ಬೇರೆ ಬೇರೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಮೊದಲನೆಯದು. ಅನೇಕ ಮನೆಗಳಲ್ಲಿ ಅಡುಗೆಮನೆಯ ಒಲೆ, ತೊಟ್ಟಿ, ಕಪಾಟುಗಳೇ ಇರುವುದಿಲ್ಲ! ಮನೆ ನೋಡುವ ಮೊದಲೇ ಹಣ ಕಳುಹಿಸಲು ಹೇಳುವ ಜಾಹೀರಾತು ವಂಚನೆಯೆಂದೇ ತಿಳಿಯತಕ್ಕದ್ದು.

ಮನೆಗೆ ಸೇರಿದ ಎರಡು ವಾರಗಳೊಳಗೆ ಮಾಲೀಕರ ದೃಢೀಕರಣ ಪತ್ರದೊಂದಿಗೆ ಪೌರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ತೆರಿಗೆ ಗುರುತಿನ ಸಂಖ್ಯೆ ಅಂಚೆಯ ಮೂಲಕ ಬರುತ್ತದೆ. ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಇಲ್ಲದಿದ್ದರೆ ಪತ್ರ ತಲುಪುವುದಿಲ್ಲ. ಮನೆ ಸಂಖ್ಯೆ ಸಾಲದು. ನೋಂದಣಿಯಲ್ಲಿ ಧರ್ಮವನ್ನು ಕೇಳಲಾಗುತ್ತದೆ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಚರ್ಚಿನ ಸದಸ್ಯರೆಂದು ನಮೂದಿಸಿದವರಿಗೆ ಆದಾಯ ತೆರಿಗೆಯ ಶೇ. 8 ಅಥವಾ 9ರಷ್ಟು ಚರ್ಚ್ ತೆರಿಗೆ ಸೇರುತ್ತದೆ. ಇದನ್ನು ಕರಾವಳಿಯ ಕ್ರೈಸ್ತ ಅಭ್ಯರ್ಥಿಗಳು ಮುಂಚಿತವಾಗಿ ತಿಳಿದಿರಲಿ. ಭಾರತದ ಚಾಲನಾ ಪರವಾನಗಿ ಆರು ತಿಂಗಳು ಮಾತ್ರ ನಡೆಯುತ್ತದೆ.

ಬ್ಲೂ ಕಾರ್ಡ್ ಉಳ್ಳವರ ಪತಿ ಅಥವಾ ಪತ್ನಿಗೆ ಪೂರ್ವಭಾವಿ ಭಾಷಾ ಪರೀಕ್ಷೆ ಇಲ್ಲದೆ ವೀಸಾ ದೊರೆಯುತ್ತದೆ, ಯಾವುದೇ ಕೆಲಸ ಮಾಡುವ ಹಕ್ಕೂ ಇದೆ. ಹಕ್ಕಿದ್ದರೂ ಭಾಷೆ ಇಲ್ಲದೆ ಮನೆಯಲ್ಲಿಯೇ ಉಳಿಯುವವರು, ಬಹುತೇಕ ಮಹಿಳೆಯರು, ಕಡಿಮೆಯೇನಲ್ಲ. ಡಿಸೆಂಬರ್‌ನಲ್ಲಿ ಸಂಜೆ 4 ಗಂಟೆಗೇ ಕತ್ತಲಾಗುವ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಇಬ್ಬರೂ ಇಲ್ಲಿಯೇ ಒಟ್ಟಿಗೆ ಭಾಷೆ ಕಲಿಯುವುದು ಖರ್ಚಾದರೂ ಯೋಗ್ಯ. ಪ್ರತಿ ಮಗುವಿಗೆ 2026ರಲ್ಲಿ ತಿಂಗಳಿಗೆ 259 ಯೂರೋ ಮಕ್ಕಳ ಭತ್ಯೆ ಉಂಟು. ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದ ಸ್ಥಾನ 2013ರಿಂದ ಕಾನೂನಿನ ಹಕ್ಕಾಗಿದ್ದರೂ ದೊಡ್ಡ ನಗರಗಳಲ್ಲಿ ಕಾಯಬೇಕಾಗುತ್ತದೆ. ಸರ್ಕಾರಿ ಶಾಲೆಗಳಲ್ಲಿ ಬೋಧನಾ ಶುಲ್ಕವಿಲ್ಲ. ಮನೆಯಲ್ಲೇ ಪಾಠ ಹೇಳಿಸಲು ಅನುಮತಿ ಇಲ್ಲ.

ಕಾಯಂ ವಾಸ್ತವ್ಯ ಮತ್ತು ಪೌರತ್ವ

ಬ್ಲೂ ಕಾರ್ಡ್ ಉಳ್ಳವರು ಎ1 ಹಂತದ ಭಾಷೆಯೊಂದಿಗೆ 27 ತಿಂಗಳಲ್ಲಿ, ಬಿ1 ಇದ್ದರೆ 21 ತಿಂಗಳಲ್ಲಿ ಕಾಯಂ ವಾಸ್ತವ್ಯಕ್ಕೆ ಅರ್ಜಿ ಸಲ್ಲಿಸಬಹುದು. ಪೌರತ್ವಕ್ಕೆ 2024ರ ಜೂನ್‌ನಿಂದ ಐದು ವರ್ಷಗಳ ವಾಸ ಸಾಕು. ಮೂರು ವರ್ಷಗಳಲ್ಲಿ ನೀಡುವ ವಿಶೇಷ ಅವಕಾಶವನ್ನು 2025ರ ಅಕ್ಟೋಬರ್‌ನಲ್ಲಿ ರದ್ದುಪಡಿಸಲಾಗಿದೆ. ಜರ್ಮನ್ ಕಾನೂನು ಎರಡು ಪೌರತ್ವಗಳನ್ನು ಒಪ್ಪುತ್ತದೆ, ಭಾರತದ ಕಾನೂನು ಒಪ್ಪುವುದಿಲ್ಲ. ಜರ್ಮನ್ ಪೌರತ್ವ ಸ್ವೀಕರಿಸಿದೊಡನೆ ಭಾರತೀಯ ಪೌರತ್ವ ಕೊನೆಗೊಳ್ಳುವುದರಿಂದ ಪಾಸ್‌ಪೋರ್ಟನ್ನು ಒಪ್ಪಿಸಿ, ಬೇಕಾದಲ್ಲಿ ಸಾಗರೋತ್ತರ ಭಾರತೀಯ ಪೌರ ಕಾರ್ಡ್‌ಗೆ ಅರ್ಜಿ ಸಲ್ಲಿಸಬೇಕು.

ಉದ್ಯೋಗ ಕಳೆದುಕೊಂಡಲ್ಲಿ

ಪರೀಕ್ಷಾರ್ಥ ಅವಧಿ ಗರಿಷ್ಠ ಆರು ತಿಂಗಳು. ಆ ಅವಧಿಯಲ್ಲಿ ಸಾಮಾನ್ಯವಾಗಿ ಎರಡು ವಾರಗಳ ಸೂಚನೆಯ ಮೇಲೆ ಕೆಲಸದಿಂದ ತೆಗೆಯಬಹುದು. ಆರು ತಿಂಗಳ ನಂತರ, ಹತ್ತಕ್ಕಿಂತ ಹೆಚ್ಚು ಉದ್ಯೋಗಿಗಳಿರುವಲ್ಲಿ, ಕಾನೂನು ಒಪ್ಪುವ ಕಾರಣ ಬೇಕು. ವಜಾ ಆದೇಶವು ಕಾಗದದ ಮೇಲೆ, ಸಹಿಯೊಡನೆ ಇರಬೇಕು; ಇ-ಮೇಲ್ ಅಥವಾ ವಾಟ್ಸ್‌ಆ್ಯಪ್ ಸಂದೇಶಕ್ಕೆ ಬೆಲೆಯಿಲ್ಲ. ಆದೇಶ ಕೈಸೇರಿದ ದಿನವನ್ನು ಬರೆದಿಟ್ಟುಕೊಳ್ಳಿ. ಅದನ್ನು ಪ್ರಶ್ನಿಸಲು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬೇಕಾದರೆ ಅಂದಿನಿಂದ ಮೂರೇ ವಾರಗಳ ಅವಕಾಶ. ಕೆಲಸ ಕೊನೆಗೊಳ್ಳಲು ಮೂರು ತಿಂಗಳು ಉಳಿದಿಲ್ಲದಿದ್ದರೆ, ವಿಷಯ ತಿಳಿದ ಮೂರು ದಿನಗಳೊಳಗೆ ಉದ್ಯೋಗ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಎರಡು ವಾರಗಳೊಳಗೆ ವಿದೇಶೀಯರ ಕಚೇರಿಗೂ ತಿಳಿಸಬೇಕು. ಭಯದಿಂದ ಇದನ್ನು ಮುಚ್ಚಿಡುವವರಿದ್ದಾರೆ. ತಿಳಿಸಿದ ಮಾತ್ರಕ್ಕೆ ಮರುದಿನವೇ ದೇಶ ಬಿಡಬೇಕಾಗಿಲ್ಲ. ಬೇರೆ ಕೆಲಸ ಹುಡುಕಲು ಸಾಮಾನ್ಯವಾಗಿ ಕೆಲವು ತಿಂಗಳುಗಳ ಕಾಲಾವಕಾಶ ದೊರೆಯುತ್ತದೆ.

ಪರಸ್ಪರ ಒಪ್ಪಿಗೆಯಿಂದ ಕೆಲಸ ಬಿಡುವ ಪತ್ರಕ್ಕೆ ಅಂದೇ ಸಹಿ ಹಾಕುವಂತೆ ಒತ್ತಾಯಿಸಿದಲ್ಲಿ ಸಮಯ ಕೇಳಿ. ಅಂತಹ ಸಹಿಯಿಂದ ನಿರುದ್ಯೋಗ ಭತ್ಯೆಯು 12 ವಾರಗಳವರೆಗೆ ತಡೆಹಿಡಿಯಲ್ಪಡಬಹುದು. ಯೂರೋಪಿನ ಹೊರಗಿನಿಂದ ಬಂದ ಕೆಲಸಗಾರರಿಗೆ ಕಾರ್ಮಿಕ ಹಕ್ಕುಗಳ ಕುರಿತು 'ಫೇರ್ ಇಂಟೆಗ್ರೇಷನ್' ಎಂಬ ಸಲಹಾ ಕೇಂದ್ರಗಳು ಎಲ್ಲ ರಾಜ್ಯಗಳಲ್ಲಿಯೂ ಉಚಿತವಾಗಿ, ಗೋಪ್ಯವಾಗಿ ನೆರವು ನೀಡುತ್ತವೆ. ಭಾರತೀಯ ದೂತಾವಾಸದ ನೆರವು ಬೇಕಾದಲ್ಲಿ ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಬಹುದು. ದೂರಿನೊಂದಿಗೆ ಪಾಸ್‌ಪೋರ್ಟ್, ವಾಸ್ತವ್ಯ ಪರವಾನಗಿ, ಉದ್ಯೋಗ ಒಪ್ಪಂದ ಮತ್ತು ವೇತನ ಚೀಟಿಗಳ ಪ್ರತಿಗಳನ್ನು ಲಗತ್ತಿಸತಕ್ಕದ್ದು. ಇವುಗಳ ಒಂದು ಪ್ರತಿಯನ್ನು ಊರಿನಲ್ಲಿರುವ ಕುಟುಂಬದವರ ಬಳಿಯೂ ಇರಿಸಿ ಹೊರಡುವುದು.